ಊರಿಗೆ ಮರಳಿದ ಹಡಗು

ಒಮಾನ್‌ಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಮಸ್ಕತ್ ನೋಡಿ ಹಿಂದಿರುಗುತ್ತಾರೆ. ಅಲ್ಲಿಂದ ಕರಾವಳಿಯ ಹೆದ್ದಾರಿಯಲ್ಲಿ ಸುಮಾರು 200 ಕಿ.ಮೀ. ಆಗ್ನೇಯಕ್ಕೆ ಸಾಗಿದರೆ ಸೂರ್ ಎಂಬ ಪಟ್ಟಣ ಸಿಗುತ್ತದೆ. ಪ್ರಸಿದ್ಧ ಪ್ರವಾಸಿ ಇಬ್ನ್ ಬತೂತ 14ನೇ ಶತಮಾನದಲ್ಲಿ ಇಲ್ಲಿ ಹಡಗಿನಿಂದಿಳಿದು ಸಮೀಪದ ಕಲ್ಹಾತ್‌ಗೆ ನಡೆದು ಹೋಗಿದ್ದರು.

ಸೂರ್‌ನ ದಡದಲ್ಲಿ ಮರದ ಹಡಗೊಂದು ನೆಲದ ಮೇಲೆ ನಿಂತಿದೆ. ಹೆಸರು ‘ಫತ್‌ಹುಲ್ ಖೈರ್’. ಖೈರ್ ಎಂದರೆ ಒಳಿತು ಎಂಬುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. 1951ರಲ್ಲಿ ಇದೇ ಊರಿನಲ್ಲಿ ಕಟ್ಟಿದ ಈ ಹಡಗಿನ ಉದ್ದ 20 ಮೀಟರ್‌ಗಿಂತಲೂ ಹೆಚ್ಚು. ‘ಗಂಜಾ’ ಎಂದು ಕರೆಯುವ ಈ ಬಗೆಯ ಹಡಗಿನ ಹಿಂಬದಿಯಲ್ಲಿ ಸುಂದರ ಕೆತ್ತನೆ ಇರುತ್ತದೆ.

ಸೂರ್‌ನ ಬಡಗಿಗಳು ಕಾಗದದ ಮೇಲೆ ನಕ್ಷೆ ಬರೆಯದೆ, ಕಣ್ಣಳತೆ ಮತ್ತು ಕೈಯಳತೆಯಿಂದಲೇ ಹಡಗು ಕಟ್ಟುತ್ತಿದ್ದರು. ಅದಕ್ಕೆ ಬೇಕಾದ ಸಾಗುವಾನಿ ನಮ್ಮ ನೆರೆಯ ಮಲಬಾರಿನಿಂದ ಹೋಗುತ್ತಿತ್ತು. ಮುಂಗಾರಿನ ಗಾಳಿಯನ್ನು ನಂಬಿ ಇಂತಹ ಹಡಗುಗಳು ಆಫ್ರಿಕಾಕ್ಕೂ ಭಾರತಕ್ಕೂ ಹೋಗಿ ಬರುತ್ತಿದ್ದವು. ಗಾಳಿ ತಿರುಗುವವರೆಗೆ ಗಂಡಸರು ಮರಳುವಂತಿರಲಿಲ್ಲ. ತಿಂಗಳುಗಟ್ಟಲೆ ಮನೆಯವರು ಕಾಯಬೇಕಿತ್ತು. ಗಲ್ಫ್‌ಗೆ ಮಕ್ಕಳನ್ನು ಕಳುಹಿಸಿದ ತಾಯಂದಿರಿಗೆ ಈ ಕಾಯುವಿಕೆಯನ್ನು ವಿವರಿಸಬೇಕಾಗಿಲ್ಲ.

ಉಗಿಹಡಗು ಬಂತು, ರಸ್ತೆ ಬಂತು, ಹಾಯಿಹಡಗುಗಳು ಒಂದೊಂದಾಗಿ ಮರೆಯಾದವು. ಫತ್‌ಹುಲ್ ಖೈರ್ ಕೂಡ ಊರು ಬಿಟ್ಟು ಯೆಮನ್ ಸೇರಿತ್ತು. ಸೂರ್‌ನಲ್ಲಿ ಕಟ್ಟಿದ ಇಂತಹ ಹಡಗುಗಳಲ್ಲಿ ಉಳಿದದ್ದು ಇದೊಂದೇ ಎಂದಾದಾಗ ಊರವರು ಸುಮ್ಮನಿರಲಿಲ್ಲ. ತಮ್ಮೊಳಗೆ ಹಣ ಕೂಡಿಸಿ 1993ರಲ್ಲಿ ಅದನ್ನು ಕೊಂಡು ತಂದರು, ದುರಸ್ತಿ ಮಾಡಿಸಿದರು.

ತಂದು ನಿಲ್ಲಿಸಿದರೆ ಕೆಲಸ ಮುಗಿಯುವುದಿಲ್ಲ. ನೀರಲ್ಲಿದ್ದಾಗ ಹಲಗೆಗಳು ಉಬ್ಬಿ ಒಂದಕ್ಕೊಂದು ಬಿಗಿಯಾಗಿರುತ್ತವೆ. ದಡಕ್ಕೆ ಬಂದ ಮೇಲೆ ಬಿಸಿಲಿಗೆ ಒಣಗಿ ಕುಗ್ಗುತ್ತವೆ, ಸಂದಿ ಬಿಡುತ್ತವೆ. ಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ಸಂದಿಗೆ ತುರುಕುವುದು, ಮರಕ್ಕೆ ಶಾರ್ಕ್ ಮೀನಿನ ಎಣ್ಣೆ ಬಳಿಯುವುದು ಹಳೆಯ ನಾವಿಕರ ಕ್ರಮ. ಅದನ್ನು ಬಲ್ಲ ಕೈಗಳಿಲ್ಲದಿದ್ದರೆ ಎಷ್ಟು ಹಣ ಕೊಟ್ಟು ತಂದ ಹಡಗಾದರೂ ಸೌದೆಯಾಗುತ್ತದೆ. ಸೂರ್‌ನಲ್ಲಿ ಹಡಗು ಕಟ್ಟುವ ಕಸುಬು ಪೂರ್ತಿ ನಿಂತು ಹೋಗದಿದ್ದುದು ಈ ಹಡಗಿನ ಭಾಗ್ಯ.

ಮಂಗಳೂರಿನ ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳನ್ನು ಕಂಡವರಿಗೆ ಸೂರ್ ಪರಊರು ಎನಿಸುವುದಿಲ್ಲ. ಮುಂದೆ ಒಮಾನ್‌ಗೆ ಹೋದಾಗ ಒಂದು ದಿನ ಮೀಸಲಿಟ್ಟು ಮಕ್ಕಳೊಂದಿಗೆ ನೋಡಿ ಬನ್ನಿ. ಹಾಗೆಯೇ ನಮ್ಮ ಮಂಜಿ ಕಟ್ಟುವವರು ಈಗ ಎಷ್ಟು ಮಂದಿ ಉಳಿದಿದ್ದಾರೆಂದು ಮನೆಯ ಹಿರಿಯರನ್ನು ಕೇಳಿ ನೋಡಿ.