ಹುಣಸೂರು ಸೀಮೆಯ ಬೆಳ್ಳಿ ರೂಪಾಯಿ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಲ್ಲಿ ಸಂಚರಿಸುವ ವಾಚಕರು ಅಕ್ಕಸಾಲಿಗರ ಅಂಗಡಿಗಳ ಮುಂದೆ ತುಸು ನಿಲ್ಲಬೇಕು. ಅಜ್ಜಿಯರ ಪೆಟ್ಟಿಗೆಯ ರಾಣಿ ರೂಪಾಯಿಗಳು ಅಲ್ಲಿ ತಕ್ಕಡಿಗೇರಿ ಮೂಸೆಗೆ ಬೀಳುವುವು. ತೂಕದಲ್ಲಿ ಎಲ್ಲವೂ ಒಂದು ತೊಲೆಯೇ. ಅಚ್ಚು ಮಾತ್ರ ಒಂದೇ ಅಲ್ಲ. 1840ರ ಕೆಲವು ನಾಣ್ಯಗಳಲ್ಲಿ ವಿಕ್ಟೋರಿಯಾ ರಾಣಿಯ ನಾಮಾಕ್ಷರಗಳು ಶಿರಸ್ಸನ್ನು ಎಡೆಬಿಡದೆ ಬಳಸಿರುವುವು, ಕೆಲವದರಲ್ಲಿ ಎರಡು ಪಕ್ಕಗಳಿಗೆ ಒಡೆದಿರುವುವು. 1862ರದು ಇನ್ನೂ ಸ್ವಾರಸ್ಯವಾದುದು. ಇಸವಿಯನ್ನು ಬದಲಿಸದೆಯೇ 1874ರ ವರೆಗೂ ಅದನ್ನು ಅಚ್ಚುಹಾಕಿದರು. ಬೊಂಬಾಯಿ ಟಂಕಸಾಲೆಯವರು ಹಿಂಬದಿಯಲ್ಲಿ ಸಣ್ಣ ಚುಕ್ಕಿಗಳನ್ನಿಟ್ಟು ವರ್ಷಭೇದವನ್ನು ಸೂಚಿಸಿದರು. ನನ್ನ ವಯಸ್ಸಿನವರಿಗೆ ಭೂತಗನ್ನಡಿಯಿಲ್ಲದೆ ಇದು ಗೋಚರಿಸದು. ಹುಣಿಸೆಹಣ್ಣಿನಿಂದ ಉಜ್ಜಬೇಡಿರಿ; ಚುಕ್ಕಿ ಸವೆದರೆ ವರ್ಷವೂ ಹೋಯಿತು.

ಕಳೆದ ಮಾಘದಲ್ಲಿ ಕೋಟೆಯ ಅಂಗಡಿಯೊಂದಕ್ಕೆ ವೃದ್ಧೆಯೊಬ್ಬರು ಮೊಮ್ಮಗಳ ಓದಿಗೆಂದು ಇಂತಹ ಹತ್ತು ರೂಪಾಯಿಗಳನ್ನು ತಂದಿದ್ದರು. ಚುಕ್ಕಿಯಿದ್ದ ಎರಡನ್ನು ಬೇರೆ ತೆಗೆದಿರಿಸುವಂತೆ ಹೇಳಿದೆನು. ಮಿಕ್ಕ ಎಂಟೂ ಮೂಸೆಗೆ ಹೋದುವು.