ಕಲ್ಲಿನ ಜೊತೆ ನಡೆದವಳು

ಕೈಗವಸು ತೆಗೆಯಬೇಡಿ. ಬಾಗಿಲು ದಾಟಿದೆವು, ಇನ್ನು ಬೆಚ್ಚಗಿರಬಹುದು ಅಂದುಕೊಂಡರೆ ಆಗದು. ಇಲ್ಲಿ ನೆಲವೇ ಮಂಜುಗಡ್ಡೆ. ಅದರ ಮೈ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗಿದೆ. ಗಾಜಿನ ಹತ್ತಿರ ಬಂದು ನಿಲ್ಲಿ, ಇಲ್ಲಿಂದ ಚೆನ್ನಾಗಿ ಕಾಣುತ್ತದೆ.

2016ರ ಮಾರ್ಚ್ ತಿಂಗಳು. ಊರು ಡೆನ್ಮಾರ್ಕಿನ ಟೋರ್ನ್‌ಬಿ. ಕೋಪನ್‌ಹೇಗನ್ನಿನ ವಿಮಾನ ನಿಲ್ದಾಣ ಇದೇ ಊರಿನ ಗಡಿಯೊಳಗಿದೆ. ಹಲವು ದೇಶಗಳ ಹುಡುಗ ಹುಡುಗಿಯರು ಜೂನಿಯರ್ ವಿಶ್ವ ಕರ್ಲಿಂಗ್ ಚಾಂಪಿಯನ್‌ಷಿಪ್‌ಗೆಂದು ಇಲ್ಲಿ ಬಂದಿಳಿದಿದ್ದಾರೆ. ಆಟ ಶುರುವಾಗುವುದಕ್ಕೆ ಮುಂಚೆ ಅಲ್ಲಿ ನೋಡಿ, ಬೆನ್ನಿಗೆ ನೀರಿನ ಡಬ್ಬಿ ಕಟ್ಟಿಕೊಂಡ ಒಬ್ಬರು ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕುತ್ತ, ಕೈಯಲ್ಲಿರುವ ಕೊಳವೆಯನ್ನು ಎಡಕ್ಕೂ ಬಲಕ್ಕೂ ಬೀಸುತ್ತಿದ್ದಾರೆ. ಬೆಳಗಿನ ಹೊತ್ತು ಅಂಗಳಕ್ಕೆ ಚಳೆ ಹೊಡೆದ ಹಾಗೆ. ಬಿದ್ದ ಒಂದೊಂದು ಹನಿಯೂ ಬಿದ್ದಲ್ಲೇ ಹೆಪ್ಪುಗಟ್ಟುತ್ತದೆ. ಈಗ ಬೆರಳಾಡಿಸಿದರೆ ಮಂಜುಗಡ್ಡೆಯ ಮೈ ನುಣ್ಣಗಿರುವುದಿಲ್ಲ, ಸಣ್ಣ ರವೆ ಚೆಲ್ಲಿದ ಹಾಗೆ ತರಿತರಿಯಾಗಿರುತ್ತದೆ. ಇದನ್ನು ಪೆಬಲ್ ಅನ್ನುತ್ತಾರೆ. ಈ ಹರಳುಗಳ ತುದಿಯ ಮೇಲೆಯೇ ಕಲ್ಲು ಸಾಗುವುದು. ಪೆಬಲ್ ಇಲ್ಲದಿದ್ದರೆ ಎಂಥ ಗಟ್ಟಿಗರು ನೂಕಿದರೂ ಕಲ್ಲು ಅರ್ಧ ದಾರಿಯಲ್ಲೇ ನಿಂತೀತು.

ಕಲ್ಲೆಂದರೆ ನಿಜವಾದ ಕಲ್ಲೇ. ಗ್ರಾನೈಟ್, 20 ಕಿಲೋಗೆ ಒಂಚೂರು ಕಡಿಮೆ ತೂಕ, ಮೇಲೊಂದು ಹಿಡಿ. ಎದುರು ತುದಿಯಲ್ಲಿ ಬಣ್ಣದ ವರ್ತುಲಗಳು ಕಾಣುತ್ತವಲ್ಲ, ಅದು ಹೌಸ್, ಅಡ್ಡಳತೆ 3.66 ಮೀಟರ್. ನಟ್ಟನಡುವಿನ ಚಿಕ್ಕ ವೃತ್ತ ಬಟನ್. ಒಂದು ತಂಡಕ್ಕೆ ನಾಲ್ವರು, ಒಬ್ಬೊಬ್ಬರಿಗೆ ಎರಡು ಕಲ್ಲು. ಎರಡೂ ತಂಡಗಳ 16 ಕಲ್ಲು ಮುಗಿದಾಗ ಯಾರ ಕಲ್ಲು ನಡುವಿಗೆ ಹತ್ತಿರವೋ ಅವರಿಗೆ ಅಂಕ. ಇದಕ್ಕೆ ಒಂದು ಎಂಡ್ ಎಂದು ಹೆಸರು. ಇಂಥ 10 ಎಂಡ್ ಆದರೆ ಒಂದು ಆಟ. ಇಷ್ಟು ತಿಳಿದರೆ ಸಾಕು, ಉಳಿದದ್ದನ್ನು ಕಣ್ಣೇ ಕಲಿಯುತ್ತದೆ.

ಕೆನಡಾದ ಕೆಂಪು ಜಾಕೆಟ್ ತೊಟ್ಟ ನಾಲ್ವರು ಹುಡುಗಿಯರು ಅಟ್ಲಾಂಟಿಕ್ ಕರಾವಳಿಯ ನೋವಾ ಸ್ಕೋಷಿಯಾದವರು. ಕೆನಡಾದ ಮಹಿಳಾ ಪಟ್ಟವನ್ನು ಆರು ಬಾರಿ, ವಿಶ್ವ ಪಟ್ಟವನ್ನು ಎರಡು ಬಾರಿ ಗೆದ್ದ ಕಾಲೀನ್ ಜೋನ್ಸ್ ಅವರ ಸೀಮೆ ಅದು. ಹೌಸಿನ ಬಳಿ ನಿಂತು ಪೊರಕೆಯಿಂದ ಗುರಿ ತೋರಿಸುತ್ತಿರುವವಳು ಸ್ಕಿಪ್, ಅಂದರೆ ನಾಯಕಿ, ಮೇರಿ ಫೇ. ಎಲ್ಲರ ಕಣ್ಣೂ ಅವಳ ಮೇಲೆಯೇ. ಕ್ಯಾಮೆರಾ ತಿರುಗುವುದೂ ಅವಳ ಕಡೆಗೇ. ನಾವು ಮಾತ್ರ ಇನ್ನೊಬ್ಬಳನ್ನು ನೋಡೋಣ. ಗೆರೆಯ ಪಕ್ಕದಲ್ಲಿ ಪೊರಕೆ ಹಿಡಿದು, ಮೊಣಕಾಲು ತುಸು ಬಗ್ಗಿಸಿ ಕಾದಿರುವವಳು. ಹೆಸರು ಕಾರ್ಲಿ ಬರ್ಜೆಸ್, ಟ್ರೂರೋ ಕಡೆಯ ಹುಡುಗಿ. ತಂಡದಲ್ಲಿ ಅವಳ ಸ್ಥಾನ ಸೆಕೆಂಡ್. ಮೊದಲು ಎಸೆಯುವವಳು ಲೀಡ್, ಆಮೇಲೆ ಸೆಕೆಂಡ್, ಥರ್ಡ್, ಕೊನೆಗೆ ಸ್ಕಿಪ್.

ಸೆಕೆಂಡ್ ಎಸೆಯುವುದು ಎರಡೇ ಕಲ್ಲು, ಗುಡಿಸುವುದು ಆರು ಕಲ್ಲಿಗೆ. ಲೀಡ್ ಎಸೆದಾಗ ಗುಡಿಸಬೇಕು, ಥರ್ಡ್ ಎಸೆದಾಗ ಗುಡಿಸಬೇಕು, ಸ್ಕಿಪ್ ಎಸೆದಾಗಲಂತೂ ಪ್ರಾಣ ಹೋಗುವ ಹಾಗೆ ಗುಡಿಸಬೇಕು. 10 ಎಂಡ್ ಪೂರ್ತಿ ಆಡಿದರೆ 60 ಕಲ್ಲು; ಕಲ್ಲಿನ ಜೊತೆಗಿನ ದಾರಿಯೊಂದೇ ಎರಡು ಕಿಲೋಮೀಟರ್ ದಾಟುತ್ತದೆ.

ಒಂದು ಕಲ್ಲಿನ ಜೊತೆ ಅವಳ ಹಿಂದೆಯೇ ಹೋಗೋಣ. ಯಾವ ಎಂಡಿನ ಕಲ್ಲಾದರೂ ಆಗಬಹುದು. ಸ್ಕಿಪ್ ಈಗ ಈ ತುದಿಗೆ ಬಂದಿದ್ದಾಳೆ. ಹ್ಯಾಕ್ ಎಂಬ ರಬ್ಬರಿನ ಮೆಟ್ಟಿಗೆ ಕಾಲೂರಿ, ಒಮ್ಮೆ ಹಿಂದಕ್ಕೆ ಜರುಗಿ, ಮುಂದಕ್ಕೆ ಜಾರುತ್ತಾಳೆ. ಎದೆ ನೆಲಕ್ಕೆ ತಾಗುವಷ್ಟು ಕೆಳಗೆ ಹೋಗುತ್ತದೆ ಮೈ. ಹಿಡಿಯನ್ನು ಮೆಲ್ಲಗೆ ತಿರುವಿ ಬಿಡುತ್ತಾಳೆ. ಆ ತಿರುವಿನಿಂದಲೇ ಕಲ್ಲು ಕೊನೆಯಲ್ಲಿ ಬಾಗುವುದು; ಆಟಕ್ಕೆ ಕರ್ಲಿಂಗ್ ಎಂಬ ಹೆಸರೂ ಅದರಿಂದಲೇ ಬಂತು ಎನ್ನುತ್ತಾರೆ. ಬಿಟ್ಟ ಕೂಡಲೇ ಸದ್ದು ಕೇಳಿಸುತ್ತದೆ. ದೂರದ ಹಳ್ಳದಲ್ಲಿ ನೀರು ಹರಿದಂತೆ, ಆಮೇಲೆ ಮಾಡಿನ ಮೇಲೆ ಬೀಸುವ ಕಲ್ಲು ಉರುಳಿದಂತೆ, ಒಂದೇ ಸಮನೆ ಗುರುಗುರು. ಕಾರ್ಲಿ ಆಗಲೇ ಕಲ್ಲಿನ ಮಗ್ಗುಲಲ್ಲಿದ್ದಾಳೆ. ಒಂದು ಬೂಟಿನ ತಳ ಜಾರಲು, ಇನ್ನೊಂದು ಹಿಡಿಯಲು. ಕಣ್ಣು ಕಲ್ಲಿನ ಮೇಲೆ, ತಕ್ಷಣ ಹೌಸಿನ ಮೇಲೆ, ಮತ್ತೆ ಕಲ್ಲಿನ ಮೇಲೆ.

ಈ ಆಟದ ಒಳಗುಟ್ಟು ಇಲ್ಲಿದೆ. ಆಚೆ ತುದಿಯಲ್ಲಿ ಪೊರಕೆ ಹಿಡಿದು ನಿಂತವರಿಗೆ ಕಲ್ಲಿನ ದಿಕ್ಕು ಕಾಣುತ್ತದೆ, ವೇಗ ಕಾಣುವುದಿಲ್ಲ. ಎದುರಿನಿಂದ ಬರುವ ಬಸ್ಸಿನ ವೇಗ ನಮಗೆ ಅಂದಾಜಿಗೆ ಸಿಗದಲ್ಲ, ಹಾಗೆ. ವೇಗ ಗೊತ್ತಾಗುವುದು ಜೊತೆಗೆ ನಡೆಯುವವರಿಗೆ ಮಾತ್ರ. ಹಾಗಾಗಿ ಇಲ್ಲಿ ಇಬ್ಬರೂ ಕೂಗಬೇಕು. ಪಕ್ಕದಲ್ಲಿ ಓಡುವವರು ಒಂದು ಅಂಕಿ ಕೂಗುತ್ತಾರೆ. ಮೂರು ಎಂದರೆ ಹೌಸಿಗೆ ಮುಂಚೆಯೇ ನಿಲ್ಲುತ್ತದೆ, ಏಳು ಎಂದರೆ ಬಟನ್ ಮೇಲೆ, ಹತ್ತು ಎಂದರೆ ಹೌಸಿನ ಹಿಂದಂಚಿಗೆ. "ಫೈವ್! ಫೈವ್!" ಎಂಬ ಕೂಗು ಇಲ್ಲಿಂದ ಹೋದರೆ ಅಲ್ಲಿಂದ "ಹರ್ರಿ! ಹರ್ರಿ ಹಾರ್ಡ್!" ಎಂಬ ಅರಚು ಬರುತ್ತದೆ. ತಕ್ಷಣ ಇಬ್ಬರು ಹುಡುಗಿಯರ ಇಡೀ ಮೈಭಾರ ಪೊರಕೆಯ ಮೇಲೆ ಬೀಳುತ್ತದೆ. ಭುಜ ಕೆಳಗೆ, ಹಿಮ್ಮಡಿ ಮೇಲೆ, ಕೈ ಕಣ್ಣಿಗೆ ಸಿಗದಷ್ಟು ಚುರುಕು. ಉಜ್ಜಿದ ಕಡೆ ಮಂಜುಗಡ್ಡೆ ಬಿಸಿಯಾಗಿ ಹರಳುಗಳ ತುದಿ ಮೆತ್ತಗಾಗುತ್ತದೆ. ಕಲ್ಲು ಇನ್ನೊಂದಿಷ್ಟು ದೂರ ಹೋಗುತ್ತದೆ, ಬಾಗುವುದು ಕಡಿಮೆಯಾಗುತ್ತದೆ. "ವೋ!" ಎಂದರೆ ಪೊರಕೆ ಮೇಲಕ್ಕೆ. ಕಲ್ಲು ತಾನೇ ಬಾಗಿ ಒಳಗೆ ಸೇರುತ್ತದೆ. ಗುರುಗುರು ಸದ್ದು ನಿಲ್ಲುತ್ತದೆ. ಈಗ ಕೇಳಿಸುವುದು ಏದುಸಿರು ಮಾತ್ರ.

ಕೇರಂ ಆಡಿದವರಿಗೆ ಇದರ ಸೊಗಸು ಬೇಗ ಹತ್ತುತ್ತದೆ. ಸ್ಟ್ರೈಕರ್ ಬೆರಳು ಬಿಟ್ಟ ಮೇಲೆ ಅಲ್ಲಿ ನಮ್ಮ ಕೈಯಲ್ಲಿ ಏನೂ ಇಲ್ಲ. ಇಲ್ಲಿ ಕಲ್ಲು ಕೈಬಿಟ್ಟ ಮೇಲೂ ಹದಿನೈದಿಪ್ಪತ್ತು ಸೆಕೆಂಡ್ ಕಾಲ ಅದನ್ನು ಮುಟ್ಟದೆ ಕಾಪಾಡಲು ಬರುತ್ತದೆ. ಎಸೆದವಳ ತಪ್ಪನ್ನು ಗುಡಿಸುವವಳು ತಿದ್ದಬಲ್ಲಳು. ಯಾವ ಆಟದಲ್ಲಿ ಇಂಥ ಕರುಣೆ ಇದೆ ಹೇಳಿ.

ಆ ಋತುವೇ ಪೊರಕೆಯ ಋತು. 2015ರ ಕೊನೆಯಲ್ಲಿ ಕೆಲವು ಹೊಸ ಬಟ್ಟೆಯ ಪೊರಕೆಗಳು ಮಂಜುಗಡ್ಡೆಯನ್ನು ಗೀರಿ ಕಲ್ಲನ್ನು ಬೇಕಾದತ್ತ ತಿರುಗಿಸುತ್ತಿವೆ ಎಂಬ ದೊಡ್ಡ ಜಗಳ ಎದ್ದಿತ್ತು. 2016ರ ಮೇ ತಿಂಗಳಲ್ಲಿ ಆಂಟೇರಿಯೋದ ಕೆಂಪ್ಟ್‌ವಿಲ್‌ನಲ್ಲಿ ಆಟಗಾರರನ್ನೂ ಪರಿಣತರನ್ನೂ ಸೇರಿಸಿ ಪರೀಕ್ಷೆ ನಡೆಸಿ, ಆಮೇಲೆ ಬಟ್ಟೆಗೆ ನಿಯಮ ತಂದರು. ಗುಡಿಸುವವರ ತೋಳಿನಲ್ಲಿ ಆಟದ ಎಷ್ಟು ಪಾಲು ಅಡಗಿದೆ ಎಂದು ಎಲ್ಲರೂ ತಿರುಗಿ ನೋಡಿದ ವರ್ಷದಲ್ಲೇ ಕಾರ್ಲಿ ದೊಡ್ಡ ಮಂಜುಗಡ್ಡೆಗೆ ಕಾಲಿಟ್ಟಳು. ನನಗಂತೂ ಇದು ಸುಮ್ಮನೆ ಕೂಡಿಬಂದದ್ದು ಅನ್ನಿಸುವುದಿಲ್ಲ.

ಎಂಥ ವರ್ಷ ಅದು! ಜನವರಿಯಲ್ಲಿ ಆಂಟೇರಿಯೋದ ಸ್ಟ್ರಾಟ್‌ಫರ್ಡ್‌ನಲ್ಲಿ ಕೆನಡಾದ ಜೂನಿಯರ್ ಪಟ್ಟ. ಫೆಬ್ರವರಿಯಲ್ಲಿ ನಾರ್ವೆಯ ಲಿಲ್ಲೆಹ್ಯಾಮರ್‌ನಲ್ಲಿ ಚಳಿಗಾಲದ ಯೂತ್ ಒಲಿಂಪಿಕ್ಸ್. ಅಲ್ಲಿ ಇಬ್ಬರು ಹುಡುಗಿಯರು, ಇಬ್ಬರು ಹುಡುಗರು ಸೇರಿದ ಮಿಶ್ರ ತಂಡ. ಮೇರಿ, ಕಾರ್ಲಿ, ಜೊತೆಗೆ ಟೈಲರ್ ಟಾರ್ಡಿ ಮತ್ತು ಸ್ಟರ್ಲಿಂಗ್ ಮಿಡಲ್ಟನ್. ಚಿನ್ನ. ಈಗ ಮಾರ್ಚ್‌ನಲ್ಲಿ ಟೋರ್ನ್‌ಬಿ. ಫೈನಲ್‌ನಲ್ಲಿ ಎದುರಿಗೆ ಅಮೆರಿಕದ ಹುಡುಗಿಯರು. ಮತ್ತೆ ಚಿನ್ನ. ಮೂರು ತಿಂಗಳು, ಮೂರು ಪಟ್ಟ.

ಅದಾದ ಮೇಲೆ ಮೇರಿ ಫೇ ಸ್ಪರ್ಧೆಯಿಂದ ಹಿಂದೆ ಸರಿದಳು. ಓದಬೇಕು ಅಂದಳು, ವಿಶ್ವವಿದ್ಯಾಲಯಕ್ಕೆ ಹೋದಳು. ಶಿಖರದ ಮೇಲೆ ನಿಂತು ಹಾಗೆ ಹೇಳಲು ಧೈರ್ಯ ಬೇಕು, ಅದನ್ನು ನಾನು ಗೌರವಿಸುತ್ತೇನೆ. ಆದರೆ ಉಳಿದವರ ಪಾಡು ನೋಡಿ. ಹೌಸಿನಿಂದ ಬರುತ್ತಿದ್ದ ಆ ದನಿಗೆ ಕಿವಿ ಪಳಗಿತ್ತು. ಅವಳ "ಹರ್ರಿ"ಯಲ್ಲಿ ಯಾವುದು ನಿಜವಾದ ಅವಸರ, ಯಾವುದು ಬರೀ ಆತಂಕ ಎಂದು ಗುಡಿಸುವ ತೋಳಿಗೇ ಗೊತ್ತಿತ್ತು. ಇನ್ನು ಬೇರೆ ದನಿ ಕಲಿಯಬೇಕು.

ಕಲಿತಳು. 2018ರ ಜನವರಿಯಲ್ಲಿ ಕೆನಡಾದ ಜೂನಿಯರ್ ಪಂದ್ಯಾವಳಿಗೆ ಕ್ವಿಬೆಕ್‌ನ ಶಾವಿನಿಗನ್‌ಗೆ ಬನ್ನಿ, ಅಲ್ಲಿಂದ ಮಾರ್ಚ್‌ನಲ್ಲಿ ವಿಶ್ವ ಜೂನಿಯರ್ ಪಂದ್ಯಾವಳಿಗೆ ಸ್ಕಾಟ್ಲೆಂಡಿನ ಆಬರ್ಡೀನ್‌ಗೆ. ಸ್ಕಿಪ್ ಈಗ ಕೇಟ್ಲಿನ್ ಜೋನ್ಸ್. ಕಾರ್ಲಿ ಅದೇ ಸೆಕೆಂಡ್, ಅದೇ ಮಗ್ಗುಲು. ಕರ್ಲಿಂಗ್ ಹುಟ್ಟಿದ ನಾಡು ಸ್ಕಾಟ್ಲೆಂಡ್. ದೊಡ್ಡ ಪಂದ್ಯಗಳ ಕಲ್ಲುಗಳಿಗೆ ಬೇಕಾದ ಗ್ರಾನೈಟ್ ಅದರ ಪಶ್ಚಿಮ ಕಡಲಿನಲ್ಲಿರುವ ಐಲ್ಸಾ ಕ್ರೇಗ್ ಎಂಬ ಪುಟ್ಟ ದ್ವೀಪದ್ದು. ಫೈನಲ್‌ನಲ್ಲಿ ಸ್ವೀಡನ್ನಿನ ಇಸಾಬೆಲ್ಲಾ ವ್ರೋನೊ ತಂಡ. ಎರಡನೆಯ ವಿಶ್ವ ಚಿನ್ನ.

2019ರಲ್ಲಿ ವಿಶ್ವ ಜೂನಿಯರ್ ಪಂದ್ಯಾವಳಿ ಅವಳ ಪ್ರಾಂತ್ಯಕ್ಕೇ ಬಂತು, ನೋವಾ ಸ್ಕೋಷಿಯಾದ ಲಿವರ್‌ಪೂಲ್ ಪಟ್ಟಣಕ್ಕೆ. ಕೆನಡಾದ ಜಾಕೆಟ್ ತೊಟ್ಟವರು ಮಾತ್ರ ಆಲ್ಬರ್ಟಾದ ಹುಡುಗಿಯರು. ಆ ವರ್ಷದ ಬಗ್ಗೆ ನಾನು ಹೆಚ್ಚು ಬರೆಯಲಾರೆ.

ಜೂನಿಯರ್ ಆಟಕ್ಕೆ ವಯಸ್ಸಿನ ಬೇಲಿ ಇದೆ. ಋತು ಶುರುವಾಗುವ ಮುಂಚಿನ ಜೂನ್ 30ಕ್ಕೆ 21 ತುಂಬಿರಬಾರದು. ಕಾರ್ಲಿಯ ಪಾಲಿಗೆ 2020 ಕೊನೆಯ ಜೂನಿಯರ್ ಋತು. ಅದಕ್ಕಾಗಿ ಅವಳು ಕರಾವಳಿ ಬಿಟ್ಟು, ರಸ್ತೆಯಲ್ಲಿ ಮೂರು ಸಾವಿರ ಕಿಲೋಮೀಟರಿಗೂ ದೂರದ ಮ್ಯಾನಿಟೋಬಾದ ತಂಡ ಸೇರಿದಳು. ಊರು ಆಲ್ಟೋನಾ. ಕಣ್ಣು ಹಾಯುವಷ್ಟು ಬಯಲು, ಬೇಸಿಗೆಯಲ್ಲಿ ಸೂರ್ಯಕಾಂತಿಯ ಹೊಲ. ವ್ಯಾನ್ ಗೋನ ಸೂರ್ಯಕಾಂತಿ ಚಿತ್ರದ ಭಾರೀ ಪ್ರತಿಯೊಂದನ್ನು ಎತ್ತರದ ಸ್ಟ್ಯಾಂಡಿನ ಮೇಲೆ ಊರ ನಡುವೆ ನಿಲ್ಲಿಸಿಕೊಂಡಿರುವ ಊರದು. ಸ್ಕಿಪ್ ಮೆಕೆಂಜಿ ಜಕರಾಯಸ್, ಅವಳ ತಂಗಿ ಎಮಿಲಿ, ಪ್ರಿನ್ಸ್ ಎಡ್ವರ್ಡ್ ದ್ವೀಪದಿಂದ ಬಂದ ಲಾರೆನ್ ಲೆನೆಂಟೈನ್. ಅಕ್ಕತಂಗಿಯರ ನಡುವೆ ಕಣ್ಸನ್ನೆಯಲ್ಲೇ ಮಾತು ಮುಗಿಯುವ ತಂಡಕ್ಕೆ ಹೊರಗಿನಿಂದ ಬಂದು ಒಗ್ಗುವುದು ಹಗುರದ ಕೆಲಸವಲ್ಲ. ಬ್ರಿಟಿಷ್ ಕೊಲಂಬಿಯಾದ ಲ್ಯಾಂಗ್ಲಿಯಲ್ಲಿ ಅವರು ಕೆನಡಾದ ಪಟ್ಟ ಗೆದ್ದರು.

ಈಗ ಕೋಟಿನ ಗುಂಡಿ ಹಾಕಿಕೊಳ್ಳಿ. ಸೈಬೀರಿಯಾದ ಕ್ರಾಸ್ನೊಯಾರ್ಸ್ಕ್, 2020ರ ಫೆಬ್ರವರಿ 22. ಊರ ನಡುವೆ ಹರಿಯುವ ಯೆನಿಸೇ ನದಿ ಈ ಚಳಿಯಲ್ಲೂ ಹೆಪ್ಪುಗಟ್ಟುವುದಿಲ್ಲ; ಮೇಲೆ ಕಟ್ಟಿರುವ ಅಣೆಕಟ್ಟಿನಿಂದ ಬರುವ ನೀರು ಅದಕ್ಕೆ ಬಿಡುವುದಿಲ್ಲ. ಒಳಗೆ ವಿಶ್ವ ಜೂನಿಯರ್ ಮಹಿಳೆಯರ ಫೈನಲ್. ಎದುರಿಗೆ ದಕ್ಷಿಣ ಕೊರಿಯಾದ ಕಿಮ್ ಮಿನ್‌ಜಿ ತಂಡ. ಮಾತಿಲ್ಲದ ಶಿಸ್ತು, ಗಡಿಯಾರದಂಥ ಎಸೆತ.

ಕಾರ್ಲಿಯನ್ನು ಹುಡುಕಲು ನಿಮ್ಮ ಕಣ್ಣು ಹಳೆಯ ಜಾಗಕ್ಕೇ ಹೋಗುತ್ತದೆ. ಲೀಡ್ ಮತ್ತು ಸೆಕೆಂಡ್ ಎಸೆಯುವಾಗ ಅವಳು ಅಲ್ಲೇ ಇದ್ದಾಳೆ, ಕಲ್ಲಿನ ಮಗ್ಗುಲಲ್ಲಿ, ಅದೇ ಬಾಗಿದ ಬೆನ್ನು. ಸ್ಕಿಪ್ ಎಸೆಯುವ ಹೊತ್ತಿಗೆ ಅಲ್ಲಿ ಅವಳಿಲ್ಲ. ಗಾಬರಿ ಬೇಡ, ಆಚೆ ತುದಿಗೆ ನೋಡಿ. ಹೌಸಿನೊಳಗೆ ನಿಂತಿದ್ದಾಳೆ. ಈ ತಂಡದಲ್ಲಿ ಅವಳು ಥರ್ಡ್. ಮೆಕೆಂಜಿ ಎಸೆಯಲು ಹೋದಾಗ ಪೊರಕೆ ಊರಿ ಗುರಿ ತೋರಿಸುವ ಕೆಲಸ, ಕೂಗುವ ಕೆಲಸ, ಈಗ ಅವಳದು. ವೇಗವನ್ನು ಮೈಯಿಂದಲೇ ಅರಿತಿದ್ದ ಹುಡುಗಿ ಈಗ ದಿಕ್ಕು ನೋಡುತ್ತಿದ್ದಾಳೆ.

ಇನ್ನು ಮೂರು ವಾರದೊಳಗೆ ಕೆನಡಾದ ಪ್ರಿನ್ಸ್ ಜಾರ್ಜ್‌ನ ಮಹಿಳಾ ವಿಶ್ವ ಪಂದ್ಯಾವಳಿ ಕೊರೊನಾದಿಂದ ರದ್ದಾಗುತ್ತದೆ. ಕ್ಲಬ್ಬುಗಳ ಬಾಗಿಲು ಮುಚ್ಚುತ್ತವೆ. 2021ರಲ್ಲಿ ಜೂನಿಯರ್ ಪಂದ್ಯಗಳೇ ನಡೆಯುವುದಿಲ್ಲ. ಆ ವರ್ಷ ಕೊನೆಯ ಅವಕಾಶವಾಗಿದ್ದ ಎಷ್ಟೋ ಮಕ್ಕಳು ಒಂದು ಕಲ್ಲನ್ನೂ ಎಸೆಯದೆ ಬೇಲಿ ದಾಟುತ್ತಾರೆ. 2022ರಲ್ಲಿ, ಸೋಚಿ ಒಲಿಂಪಿಕ್ಸ್‌ನಲ್ಲಿ ಒಂದೂ ಪಂದ್ಯ ಸೋಲದೆ ಚಿನ್ನ ಗೆದ್ದ ಜೆನಿಫರ್ ಜೋನ್ಸ್ ಈ ಹುಡುಗಿಯರ ತಂಡಕ್ಕೇ ಬಂದು ಸೇರುತ್ತಾರೆ. ಇದಾವುದೂ ಈ ಹೊತ್ತಿನಲ್ಲಿ ಇಲ್ಲಿರುವ ಯಾರಿಗೂ ಗೊತ್ತಿಲ್ಲ.

ಗೊತ್ತಿರುವುದು ಎದುರಿನಿಂದ ಬರುತ್ತಿರುವ ಕಲ್ಲೊಂದೇ. ಗುರುಗುರು ಹತ್ತಿರವಾಗುತ್ತಿದೆ. ಎಮಿಲಿ, ಲಾರೆನ್ ಪೊರಕೆ ಎತ್ತಿ ಹಿಡಿದು ಜೊತೆಗೆ ಓಡಿ ಬರುತ್ತ ಅಂಕಿ ಕೂಗುತ್ತಿದ್ದಾರೆ. ಕಾರ್ಲಿ ಕುಕ್ಕರಗಾಲಲ್ಲಿ ಕೂತು, ಕತ್ತು ಒಂದು ಬದಿಗೆ ವಾಲಿಸಿ, ಗೆರೆಯನ್ನೇ ನೋಡುತ್ತಾಳೆ. ಎರಡು ವಿಶ್ವ ಫೈನಲ್‌ಗಳಲ್ಲಿ ಇಂಥ ಕೂಗಿಗೆ ಕಿವಿಗೊಟ್ಟು ಓಡಿದವಳಿಗೆ, ಓಡಿ ಬರುತ್ತಿರುವವರ ತೋಳು ಎಷ್ಟು ನೋಯುತ್ತಿದೆ ಎಂದು ಗೊತ್ತು. ಬಾಯಿ ತೆರೆಯುತ್ತಾಳೆ.

"ಹರ್ರಿ!"

ಇಬ್ಬರ ಭುಜಗಳೂ ಒಟ್ಟಿಗೆ ಕೆಳಗೆ ಬೀಳುತ್ತವೆ.

ಆಟ ಮುಗಿದಾಗ ಫಲಕದ ಮೇಲೆ ಕೆನಡಾ 7, ಕೊರಿಯಾ 5. ಕೊರಿಯಾದ ಹುಡುಗಿಯರು ಸಾಲಾಗಿ ಬಂದು ಕೈ ಕುಲುಕುತ್ತಿದ್ದಾರೆ.