ಕಾಣದ ಅಂಗಡಿ

ಕೊಳ್ಳುವುದೆಂದರೆ ಹಣ ತೆತ್ತು ಸರಕು ತರುವುದಷ್ಟೇ ಅಲ್ಲ. ಅದು ಕಣ್ಣು, ಕೈ, ಕಿವಿಗಳು ಒಟ್ಟಾಗಿ ನಡೆಸುವ ಒಂದು ಪರೀಕ್ಷೆ. ಬೆಂಡೆಕಾಯಿಯ ತುದಿ ಮುರಿದು ನೋಡದೆ, ತೆಂಗಿನಕಾಯಿಯನ್ನು ಕಿವಿಯ ಬಳಿ ಅಲುಗಿಸದೆ, ಸೀರೆಯ ಸೆರಗನ್ನು ಬೆಳಕಿಗೆ ಹಿಡಿಯದೆ ಗೃಹಿಣಿಗೆ ಸಮಾಧಾನವಿಲ್ಲ. ಇಷ್ಟಾದ ಮೇಲೂ ಆಕೆ ಅಂಗಡಿಯಾತನ ಮುಖವನ್ನೊಮ್ಮೆ ನೋಡುತ್ತಾಳೆ. ಸರಕಿನ ಗುಣದ ಅರ್ಧ ಸಾಕ್ಷಿ ಅಲ್ಲಿರುತ್ತದೆ. ಹೀಗಿರುವ ಮನುಷ್ಯ, ಕಾಣದ ಅಂಗಡಿಯಲ್ಲಿ, ಮುಟ್ಟದ ವಸ್ತುವಿಗಾಗಿ, ಅರಿಯದವನಿಗೆ ಹಣ ಕೊಡಲು ಒಪ್ಪಿದ್ದು ಹೇಗೆ? ಅಂತರಜಾಲದ ವ್ಯಾಪಾರದ ಬಾಲ್ಯಕಥೆಯೆಲ್ಲ ಈ ಪ್ರಶ್ನೆಗೆ ದೊರೆತ ಉತ್ತರಗಳ ಕಥೆಯೇ.

ಅಂತರಜಾಲ ಮನೆಗಳಿಗೆ ಬರುವ ಮೊದಲೇ, 1984ರ ಮೇ ತಿಂಗಳಲ್ಲಿ, ಇಂಗ್ಲೆಂಡಿನ ಗೇಟ್ಸ್‌ಹೆಡ್ ಎಂಬ ಊರಿನ ಜೇನ್ ಸ್ನೋಬಾಲ್ ಎಂಬ 72 ವರ್ಷದ ಅಜ್ಜಿ ಮನೆಯಲ್ಲಿಯೇ ಕುಳಿತು, ಟೆಲಿವಿಷನ್ನಿನ ಗುಂಡಿಗಳನ್ನೊತ್ತಿ ಮೊಟ್ಟೆ, ಕಾರ್ನ್‌ಫ್ಲೇಕ್ಸ್, ಮಾರ್ಗರೀನ್‌ಗಳನ್ನು ತರಿಸಿಕೊಂಡರು. ಮೈಕೇಲ್ ಆಲ್ಡ್ರಿಚ್ 1979ರಲ್ಲಿ ರೂಪಿಸಿದ ಉಪಾಯದಂತೆ ಟೆಲಿಫೋನಿನ ತಂತಿಯೇ ಟೆಲಿವಿಷನ್ನನ್ನು ಗಣಕಯಂತ್ರಕ್ಕೆ ಜೋಡಿಸಿತ್ತು. ಆದರೆ ಅಂಗಡಿ ಎಲ್ಲರೂ ಬಲ್ಲ ಟೆಸ್ಕೊ. ತಂತಿ ಹೊಸದು, ನಂಬಿಕೆ ಮಾತ್ರ ಹಳೆಯದೇ.

ಅಪರಿಚಿತರ ನಡುವಿನ ವ್ಯಾಪಾರಕ್ಕೆ ಬೇರೆಯ ಭರವಸೆ ಬೇಕಾಯಿತು. 1994ರ ಆಗಸ್ಟ್ 11ರಂದು ಅಮೆರಿಕದ ನೆಟ್‌ಮಾರ್ಕೆಟ್ ಎಂಬ ಸಂಸ್ಥೆ, ಗಾಯಕ ಸ್ಟಿಂಗನ ಹಾಡುಗಳ ಒಂದು ಸಿ.ಡಿ.ಯನ್ನು 12 ಡಾಲರ್ 48 ಸೆಂಟಿಗೆ ಮಾರಿತು. ಸಾಗಾಣಿಕೆಯ ವೆಚ್ಚ ಬೇರೆ. ಕೊಂಡವನ ಕ್ರೆಡಿಟ್ ಕಾರ್ಡಿನ ಸಂಖ್ಯೆ ಗೂಢಲಿಪಿಯಾಗಿ ಹೋದುದರಿಂದ, ನಡುದಾರಿಯಲ್ಲಿ ಕದ್ದು ನೋಡಿದವನಿಗೂ ಅದು ಅರ್ಥವಾಗುವಂತಿರಲಿಲ್ಲ. ಮರುವರ್ಷ ಜುಲೈ ತಿಂಗಳಲ್ಲಿ ಜೆಫ್ ಬೆಜೋಸ್ ಸಿಯಾಟಲ್ ಪ್ರದೇಶದಿಂದ ತೆರೆದ ಅಮೆಜಾನ್ ಪುಸ್ತಕಗಳಿಂದಲೇ ಆರಂಭಿಸಿತು. ಇದು ಜಾಣತನದ ಆಯ್ಕೆ. ಪುಸ್ತಕವನ್ನು ಬೆಂಡೆಕಾಯಿಯಂತೆ ಮುರಿದು ನೋಡಬೇಕಾದ್ದಿಲ್ಲ; ಎಲ್ಲಿ ಕೊಂಡರೂ ಅದರೊಳಗಿನ ಮಾತು ಒಂದೇ.

ಅದೇ 1995ರ ಸೆಪ್ಟೆಂಬರಿನಲ್ಲಿ ಪಿಯರ್ ಒಮಿಡ್ಯಾರ್ ಹರಾಜಿನ ಒಂದು ತಾಣವನ್ನು ತೆರೆದರು. ಮುಂದೆ ಅದಕ್ಕೆ ಈಬೇ ಎಂದು ಹೆಸರಾಯಿತು. ಅವರು ಅಲ್ಲಿಟ್ಟ ಲೇಸರ್ ಪಾಯಿಂಟರ್ ಕೆಟ್ಟುಹೋಗಿದ್ದಿತು. ಆದರೂ 14 ಡಾಲರ್ 83 ಸೆಂಟಿಗೆ ಬಿಕರಿಯಾಯಿತು. ಅದು ಕೆಟ್ಟದ್ದೆಂದು ತಿಳಿದಿದೆಯೇ ಎಂದು ಕೊಂಡವನನ್ನು ಕೇಳಿದಾಗ, ಅಂಥವನ್ನೇ ತಾನು ಸಂಗ್ರಹಿಸುವುದೆಂದು ಉತ್ತರ ಬಂದಿತಂತೆ! 1996ರಲ್ಲಿ ಅದೇ ತಾಣ, ಕೊಂಡವರೂ ಮಾರಿದವರೂ ಪರಸ್ಪರರ ನಡತೆಯನ್ನು ಎಲ್ಲರೆದುರು ಬರೆದಿಡುವ ವ್ಯವಸ್ಥೆ ಮಾಡಿತು. ಹಿಂದೆ ಊರ ಬಾಯಿ ಮಾಡುತ್ತಿದ್ದ ಕೆಲಸವಿದು. ಈಗ ಅದಕ್ಕೆ ಲಿಖಿತ ರೂಪ ಬಂದಿತು.

ಭಾರತದ ಸಾರ್ವಜನಿಕರಿಗೆ ಅಂತರಜಾಲ ದೊರೆತುದು 1995ರ ಆಗಸ್ಟ್ 15ರಂದು. ಬೆಂಗಳೂರಿನಲ್ಲಿ 1999ರಲ್ಲಿ ಫ್ಯಾಬ್‌ಮಾರ್ಟ್ ಹುಟ್ಟಿತು; 2007ರಲ್ಲಿ ಫ್ಲಿಪ್‌ಕಾರ್ಟ್ ಪುಸ್ತಕಗಳೊಡನೆ ಬಂದಿತು. ಕಾರ್ಡು ಹೊಂದಿದ ಮನೆಗಳು ಕಡಿಮೆ, ಕಾರ್ಡಿದ್ದವರಿಗೂ ಅಳುಕು. 2010ರಲ್ಲಿ ಫ್ಲಿಪ್‌ಕಾರ್ಟ್, ಸರಕು ಬಾಗಿಲಿಗೆ ಬಂದ ಮೇಲೆ ಹಣ ಕೊಟ್ಟರೆ ಸಾಕೆಂದಿತು. ಮೇಲ್ನೋಟಕ್ಕೆ ಇದೊಂದು ಅನುಕೂಲ ಮಾತ್ರ. ಆದರೆ ಒಳಗೆ ನಂಬಿಕೆಯ ದಿಕ್ಕೇ ತಿರುಗಿತ್ತು. ಅದುವರೆಗೆ ಕೊಳ್ಳುವವನು ಮಾರುವವನನ್ನು ನಂಬಬೇಕಾಗಿತ್ತು. ಈಗ ಮಾರುವವನೇ ಮುಖ ಕಾಣದ ಗಿರಾಕಿಯನ್ನು ಮೊದಲು ನಂಬಿದ.

ಬೀದಿಯ ಕೊನೆಯ ದಿನಸಿ ಅಂಗಡಿಯವನು ಉದ್ರಿ ಲೆಕ್ಕದ ಪುಸ್ತಕ ತೆರೆದಾಗ ಮಾಡಿದ್ದೂ ಇದನ್ನೇ. ಆದರೆ ಒಂದು ಅಂತರವುಂಟು. ಯಾವ ಮನೆಗೆ ಸಂಬಳ ತಡವಾಗಿದೆ, ಯಾವ ಮನೆಯಲ್ಲಿ ಕಾಯಿಲೆಯಿದೆ ಎಂಬುದನ್ನರಿತು, ಆ ತಿಂಗಳ ಬಾಕಿಯನ್ನು ಅವನು ಕೇಳದೆ ಬಿಡುತ್ತಿದ್ದ. ಕಾಣದ ಅಂಗಡಿ ಗಿರಾಕಿಯ ಅಭಿರುಚಿಯನ್ನು ಬಲ್ಲದು, ವಿಳಾಸವನ್ನು ಬಲ್ಲದು, ಕಳೆದ ವರ್ಷ ಕೊಂಡ ಚಪ್ಪಲಿಯ ಅಳತೆಯನ್ನೂ ಬಲ್ಲದು. ಅವನ ಕಷ್ಟವನ್ನು ಅರಿತು ಸುಮ್ಮನಿರುವ ವಿದ್ಯೆಯೊಂದನ್ನು ಅದಿನ್ನೂ ಕಲಿಯಬೇಕಾಗಿದೆ.